ಮೇಪಲ್ ಎಲೆ ಬಿಡು, ಹುಚ್ಚೆಳ್ಳು ಹೂ ನೋಡು

ಮಗಳೇ,

ನೀನು ಕಳಿಸಿದ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಕೈ ಚೆನ್ನಾಗಿ ಓಡುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಮಣಿಗಳು ದುಂಡಗಿವೆ, ಒಂದರ ಪಕ್ಕ ಒಂದು ಬಣ್ಣ ಒಪ್ಪುತ್ತದೆ. ಆದರೆ ಪದಕದಲ್ಲಿ ಕೂರಿಸಿದ್ದೀಯಲ್ಲ, ಆ ಐದು ಬೆರಳಿನ ಕೆಂಪು ಎಲೆ, ಅದು ಯಾವ ಊರಿನದು? ಮೇಪಲ್ ಅಂತೆ. ಕೆನಡಾದವರು ಅದನ್ನು ಬಾವುಟದ ಮೇಲೇ ಹಾಕಿಕೊಂಡಿದ್ದಾರೆ, ಅವರಿಗೆ ಅದು ಸಹಜ. ನಿಮ್ಮ ಮಡಕಶಿರದ ಕಡೆಯ ಅಗಳಿಯಲ್ಲೋ ರೊಳ್ಳದಲ್ಲೋ ಅಮರಾಪುರದಲ್ಲೋ ಆ ಮರವನ್ನು ಕಣ್ಣಾರೆ ಕಂಡವರು ಯಾರಿದ್ದಾರೆ ಹೇಳು. ಶರತ್ಕಾಲದ ಒಡವೆ ಅಂತ ಹುಡುಕಿದರೆ ಮೊಬೈಲು ಅದನ್ನೇ ತೋರಿಸುತ್ತದೆ, ಒಪ್ಪಿದೆ. ಮೊಬೈಲಿಗೆ ಮಡಕಶಿರದ ಮಳೆ ಗೊತ್ತಿಲ್ಲ.

ನಮ್ಮ ಕಡೆ ಎಲೆ ಉದುರುವುದು ಶಿವರಾತ್ರಿಯ ಹೊತ್ತಿಗೆ. ದಸರಾ, ದೀಪಾವಳಿ ಅಂದರೆ ಇಲ್ಲಿ ಬರಗಾಲದ ನೆಲ ವರ್ಷಕ್ಕೊಮ್ಮೆ ಮೈ ತುಂಬಿಕೊಳ್ಳುವ ಸಮಯ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಸೀಮೆ ನಮ್ಮದು. ಅದರಲ್ಲಿ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ. ಹಸ್ತ, ಚಿತ್ತೆ, ಸ್ವಾತಿ ಮಳೆ ಆಗುವ ಈ ಒಂದೂವರೆ ತಿಂಗಳು ಹೊರಗೆ ಹೋಗಿ ನೋಡು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂಬಿಟ್ಟಿರುತ್ತದೆ, ಬೀಳು ನೆಲದಲ್ಲಿ ತಂಗಡಿ. ಎರಡೂ ಹಳದಿಯೇ, ಆದರೆ ಎರಡು ಬೇರೆ ಹಳದಿ. ನಮ್ಮ ರಾಯದುರ್ಗದ ಕಡೆ ಶೇಂಗಾ ಕಿತ್ತು ಬಳ್ಳಿ ತಿರುವಿ ಹಾಕಿದಾಗ ಕಾಯಿಗೆ ಮೆತ್ತಿದ ಮಣ್ಣು ಒಂದು ಬಣ್ಣ, ಒಣಗಿ ಉದುರಿದ ಮೇಲೆ ಕಾಯಿ ಇನ್ನೊಂದು ಬಣ್ಣ. ಕಣೇಕಲ್ಲು, ಬೊಮ್ಮನಹಾಳದ ಕಡೆ ಎರೆಮಣ್ಣಿನ ಕಪ್ಪು. ಮಡಕಶಿರದ ತೋಟಗಳಲ್ಲಿ ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಚೊಗರಿನ ಕಂದುಗೆಂಪು. ವಿಜಯದಶಮಿಯ ದಿನ ಕೈಗೆ ಬರುವ ಬನ್ನಿ ಎಲೆಯ ಮಾಸಲು ಹಸಿರು. ಇಷ್ಟು ಬಣ್ಣ ಮನೆ ಬಾಗಿಲಲ್ಲಿರುವಾಗ ಒಂಟಾರಿಯೋದ ಕೆಂಪಿಗೆ ಯಾಕೆ ಕೈ ಚಾಚಬೇಕು? ನಿನಗೆ ನಾನು ಹೇಳಬೇಕೆಂದಿರುವುದು ಇದೊಂದೇ. ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಎನ್ನುವ ಮಾತು.

ಮಣಿ ಮಾಡುವುದು ಈ ನೆಲಕ್ಕೆ ಹೊಸದೇನಲ್ಲ. ರಾಯದುರ್ಗದಿಂದ ಮೊಳಕಾಲ್ಮೂರಿನ ಕಡೆ ಹೋದರೆ ಬ್ರಹ್ಮಗಿರಿ ಇದೆ. ಜನ ಅಲ್ಲಿಗೆ ಹೋಗುವುದು 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನ ನೋಡಲು. ಅದನ್ನು ನೋಡಿ, ಫೋಟೋ ತೆಗೆಸಿಕೊಂಡು ವಾಪಸಾಗುತ್ತಾರೆ. ಅದೇ ಜಾಗದಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಕಲ್ಲುಗೋರಿಗಳ ಕಾಲದ ಮಡಕೆಗಳ ಜೊತೆಗೆ ಮಣಿಗಳೂ ಸಿಕ್ಕವು. ಎರಡು ಸಾವಿರ ವರ್ಷಕ್ಕೂ ಹಿಂದೆ ನಿನ್ನ ವಯಸ್ಸಿನವಳೊಬ್ಬಳು ಅಲ್ಲಿ ಮಣಿಸರ ಹಾಕಿಕೊಂಡು ಓಡಾಡಿರಬೇಕು. ಆ ಮಡಕೆಗಳನ್ನು ಗಮನಿಸು: ಬಾಯಿಯ ಅಂಚು ಮತ್ತು ಒಳಮೈ ಕಪ್ಪು, ಹೊರಗೆ ಕೆಳಭಾಗ ಕೆಂಪು. ಬಣ್ಣ ಬಳಿದದ್ದಲ್ಲ, ಮಣ್ಣೂ ಒಂದೇ. ಗಾಳಿ ಸೋಕಿದ ಕಡೆ ಕೆಂಪು ಬಂದಿದೆ, ಗಾಳಿ ಸಿಗದೆ ಹೊಗೆಯಲ್ಲಿ ಬೆಂದ ಕಡೆ ಕಪ್ಪು ಕೂತಿದೆ. ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಹೊಗೆಯ ಆಟ ಅದು. ಆ ಆಟ ನಿನ್ನ ಮಣಿಗೂ ಬರುತ್ತದೆ.

ನಿನ್ನ ಕಡೆಯಲ್ಲೇ ಇರುವ ಹೇಮಾವತಿಗೆ ಒಮ್ಮೆ ಬಿಡುವು ಮಾಡಿಕೊಂಡು ಹೋಗು. ದೇವರಿಗೆ ಕೈ ಮುಗಿಯುವುದಕ್ಕೆ ಎಷ್ಟೋ ಸಲ ಹೋಗಿರುತ್ತೀಯ, ಈ ಸಲ ಕೊರಳು ನೋಡುವುದಕ್ಕೆ ಹೋಗು. ಹೆಂಜೇರು ಅಂತ ಕರೆಸಿಕೊಳ್ಳುತ್ತಿದ್ದ ಆ ಊರು ನೊಳಂಬರ ರಾಜಧಾನಿ. ಒಂಬತ್ತು, ಹತ್ತನೆಯ ಶತಮಾನದ ಶಿಲ್ಪಿಗಳು ದೊಡ್ಡೇಶ್ವರ, ಸಿದ್ಧೇಶ್ವರ ಗುಡಿಗಳಲ್ಲಿ ಕಲ್ಲಿಗೆ ಒಡವೆ ತೊಡಿಸಿದ್ದಾರೆ. ಸರ ಕತ್ತಿನಿಂದ ಎದೆಗೆ ಹೇಗೆ ಇಳಿಯುತ್ತದೆ, ಎರಡೆಳೆ ಸರದ ಮೇಲಿನೆಳೆಗೂ ಕೆಳಗಿನೆಳೆಗೂ ಎಷ್ಟು ಜಾಗ ಬಿಟ್ಟಿದ್ದಾರೆ, ದೊಡ್ಡ ಮಣಿ ಎಲ್ಲಿ, ಸಣ್ಣದು ಎಲ್ಲಿ, ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊ. ಫೋಟೋ ತೆಗೆದರೆ ಕಣ್ಣು ಕಲಿಯುವುದಿಲ್ಲ.

ಈಗ ಮಣ್ಣಿಗೆ ಬರೋಣ. ನೀನು ಈಗ ಬಳಸುತ್ತಿರುವ ಪಾಲಿಮರ್ ಕ್ಲೇ ಹೆಸರಿಗೆ ಮಾತ್ರ ಮಣ್ಣು, ಅಸಲಿಗೆ ಅದು ಪಿವಿಸಿ ಪ್ಲಾಸ್ಟಿಕ್. ಬೇಕೆಂದರೆ ಮಾಡು, ನಾನು ಬೇಡ ಅನ್ನುವುದಿಲ್ಲ. ಆದರೆ ಅಡಿಗೆಯ ಪಾತ್ರೆಯಲ್ಲಿ ಅದನ್ನು ಬೇಯಿಸಬೇಡ, ಸೀದರೆ ಬರುವ ಹೊಗೆ ಒಳ್ಳೆಯದಲ್ಲ. ನನ್ನ ಕೇಳಿದರೆ ಊರ ಕೆರೆಯ ಗೋಡುಮಣ್ಣು ತಗೊ. ಬರೀ ಎರೆಮಣ್ಣು ಬೇಡ. ಅದು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಸೀಳುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಿರುಕು ಬಿಡುವುದನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಗೋಡನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಕದಡಿ, ಹಳೆಯ ಪಂಚೆಯಲ್ಲಿ ಸೋಸು. ಕಲ್ಲು, ಬೇರು, ಶಂಖದ ಹುಳುವಿನ ಚಿಪ್ಪು ಎಲ್ಲ ಮೇಲೆ ಉಳಿಯಬೇಕು. ಮಣ್ಣಿನಲ್ಲಿ ಸುಣ್ಣದ ಹರಳು ಒಂದೇ ಒಂದು ಉಳಿದರೂ ಸುಟ್ಟ ಮೇಲೆ ಅದು ಗಾಳಿಯ ತೇವ ಹೀರಿ ಉಬ್ಬಿ ಮಣಿಯ ಮೈಯಿಂದ ಒಂದು ಚಕ್ಕೆ ಹಾರಿಸುತ್ತದೆ. ಮಾರಿದ ವಾರದ ಮೇಲೆ ಹೀಗಾದರೆ ಗಿರಾಕಿ ನಿನ್ನನ್ನೇ ಬೈಯುವುದು. ತಿಳಿನೀರು ಚೆಲ್ಲಿ, ಉಳಿದ ಕೆಸರನ್ನು ಬಟ್ಟೆಯ ಮೇಲೆ ಹರವಿ ಗಟ್ಟಿ ಮಾಡಿ, ಒಂದು ಹಿಡಿ ಜರಡಿ ಹಿಡಿದ ಸಣ್ಣ ಮರಳು ಸೇರಿಸಿ ನಾದು. ರೊಟ್ಟಿ ಹಿಟ್ಟಿನ ಹದ ಬರಬೇಕು.

ತೂತಿನ ಮಾತು ಮುಖ್ಯ. ಹೊಸದಾಗಿ ಕಲಿಯುವವರೆಲ್ಲ ಮಣಿಯ ಮೈ ನುಣುಪು ಮಾಡುವುದಕ್ಕೆ ಗಂಟೆ ಕಳೆದು ತೂತಿಗೆ ಅರೆ ಗಳಿಗೆ ಕೊಡುತ್ತಾರೆ. ಮಣಿಯನ್ನು ಉಂಡೆ ಮಾಡಿದ ತಕ್ಷಣ ಚುಚ್ಚಬೇಡ, ಒತ್ತಿ ಚಪ್ಪಟೆಯಾಗುತ್ತದೆ. ಒಂದೆರಡು ತಾಸು ನೆರಳಿನಲ್ಲಿಟ್ಟು ಮೈ ಸ್ವಲ್ಪ ಬಿಗಿಯಾದ ಮೇಲೆ ತೆಂಗಿನ ಪೊರಕೆಯ ಕಡ್ಡಿ ತಗೊಂಡು ಒಂದು ಕಡೆಯಿಂದ ತಿರುಗಿಸುತ್ತಾ ಒಳಗೆ ತಳ್ಳು. ಆಚೆ ಬದಿಯಲ್ಲಿ ತುದಿ ಸಣ್ಣಗೆ ಉಬ್ಬಿದ್ದು ಕಾಣುತ್ತಲೇ ನಿಲ್ಲಿಸಿ, ಕಡ್ಡಿ ಹೊರಗೆ ತೆಗೆದು, ಉಬ್ಬಿದ ಕಡೆಯಿಂದ ಚುಚ್ಚು. ಆಗ ಎರಡೂ ಬಾಯಿ ಶುದ್ಧವಾಗಿರುತ್ತವೆ, ಅಂಚು ಹರಿಯುವುದಿಲ್ಲ. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುತ್ತದೆ, ಜೊತೆಗೆ ತೂತೂ ಕುಗ್ಗುತ್ತದೆ. ಆದ್ದರಿಂದ ನಿನ್ನ ದಾರಕ್ಕೆ ಬೇಕಾದದ್ದಕ್ಕಿಂತ ದೊಡ್ಡದಾಗಿಯೇ ಮಾಡು. ಬಾಯಿಯ ಅಂಚನ್ನು ಒದ್ದೆ ಬೆರಳಿನಿಂದ ಒಮ್ಮೆ ಸವರು. ಚೂಪಾದ ಅಂಚು ಒಳಗಿನಿಂದಲೇ ದಾರವನ್ನು ಕೊಯ್ಯುತ್ತದೆ.

ಮಳೆಗಾಲದ ಕೊನೆಯಲ್ಲಿ ಒಣಗಿಸುವುದಕ್ಕೆ ತಾಳ್ಮೆ ಬೇಕು. ಬಿಸಿಲಿಗೆ ಹಾಕಿದರೆ ಹೊರಮೈ ಒಣಗಿ ಒಳಗೆ ತೇವ ಉಳಿಯುತ್ತದೆ, ಬೆಂಕಿಗೆ ಇಟ್ಟಾಗ ಆ ತೇವ ಆವಿಯಾಗಿ ಮಣಿ ಪಟಾಕಿಯಂತೆ ಸಿಡಿಯುತ್ತದೆ. ನೆರಳಿನಲ್ಲಿ, ದಿನಕ್ಕೊಮ್ಮೆ ಹೊರಳಿಸುತ್ತಾ, ಕೆನ್ನೆಗೆ ಒತ್ತಿದರೆ ತಣ್ಣಗೆ ಅನ್ನಿಸುವುದು ನಿಲ್ಲುವ ತನಕ ಕಾಯಿ. ಸ್ವಾತಿ ಮಳೆ ಕಳೆದ ಮೇಲೆ ಸುಡುವುದು ಜಾಣತನ. ಸುಡುವುದಕ್ಕೆ ಮನೆಯಲ್ಲೇ ಗೂಡು ಕಟ್ಟುವ ಉಸಾಬರಿಯೂ ಬೇಡ. ಪಕ್ಕದ ಊರಿನ ಕುಂಬಾರರು ಮಡಕೆ ಸುಡಲು ಆವಿಗೆ ಹಾಕುವ ದಿನ ಕೇಳಿಕೊಂಡು, ನಿನ್ನ ಮಣಿಗಳನ್ನು ಒಂದು ಕುಡಿಕೆಯಲ್ಲಿ ತುಂಬಿ ಅವರ ಮಡಕೆಗಳ ನಡುವೆ ಇಡಲು ಕೇಳು. ಬಿಟ್ಟಿ ಕೇಳಬೇಡ, ದುಡ್ಡು ಕೊಡು. ಕೆಂಪು ಬೇಕಾದರೆ ಕುಡಿಕೆಯ ಬಾಯಿ ತೆರೆದಿರಲಿ. ಕಪ್ಪು ಬೇಕಾದರೆ ಭತ್ತದ ಹೊಟ್ಟು ತುಂಬಿ, ಮುಚ್ಚಳ ಹಾಕಿ, ಸಂದಿಗೆ ಹಸಿ ಮಣ್ಣು ಮೆತ್ತು. ಬ್ರಹ್ಮಗಿರಿಯ ಮಡಕೆಯ ಗುಟ್ಟು ಇಷ್ಟೇ. ಬೆಂಕಿ 600 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಮುಟ್ಟಬೇಕು, ಆಗಲೇ ಮಣ್ಣು ತಿರುಗಿ ಮಣ್ಣಾಗದ ಹಾಗೆ ಗಟ್ಟಿಯಾಗುವುದು. ಮುಟ್ಟಿತೋ ಇಲ್ಲವೋ ಅಂತ ನೋಡಲು ಒಂದು ಮಣಿಯನ್ನು ರಾತ್ರಿ ನೀರಿಗೆ ಹಾಕಿಡು. ಬೆಳಗ್ಗೆ ಕೆಸರಾಗಿದ್ದರೆ ಬೆಂಕಿ ಸಾಲಲಿಲ್ಲ ಅಂತಲೇ.

ಮಣ್ಣು ಬೇಡ, ಹಗುರವಾದದ್ದು ಬೇಕು ಅನ್ನಿಸಿದರೆ ನಿಮ್ಮ ಕಡೆ ರೇಷ್ಮೆ ಇದೆಯಲ್ಲ. ಹಿಂದೂಪುರದ ಗೂಡಿನ ಮಾರುಕಟ್ಟೆ ದೂರವೇನಲ್ಲ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನೂಲು ಬಿಚ್ಚುವವರಿಗೆ ಬೇಡ, ನಿನಗೆ ಬೇಕು. ಮೈಸೂರು ತಳಿಯ ಮಿಶ್ರ ಗೂಡಾದರೆ ಹುಟ್ಟಿನಿಂದಲೇ ಹಸಿರು ಬೆರೆತ ಹಳದಿ, ಬಣ್ಣವೇ ಹಾಕಬೇಕಾಗಿಲ್ಲ. ಬೈವೋಲ್ಟೀನ್ ಗೂಡು ಬಿಳಿ, ಅದು ಬಣ್ಣ ಚೆನ್ನಾಗಿ ಕುಡಿಯುತ್ತದೆ. ಸೋಪು ಹಾಕಿ ಕುದಿಸಬೇಡ. ಗೂಡಿನ ಅಂಟು ಬಿಟ್ಟುಹೋದರೆ ಮೆತ್ತಗಾಗಿ ದಳ ನಿಲ್ಲುವುದಿಲ್ಲ. ಒಣಗೂಡನ್ನೇ ಸಣ್ಣ ಕತ್ತರಿಯಿಂದ ಕತ್ತರಿಸಿದರೆ ಹುಚ್ಚೆಳ್ಳು ಹೂವಿನ ದಳ ತಾನಾಗಿ ಬರುತ್ತದೆ, ಗೂಡಿನ ಬಾಗು ದಳಕ್ಕೆ ಸರಿಹೋಗುತ್ತದೆ. ಜುಮಕಿಗೆ ಇದಕ್ಕಿಂತ ಹಗುರವಾದ ವಸ್ತು ನನಗಂತೂ ಗೊತ್ತಿಲ್ಲ.

ಬಣ್ಣಕ್ಕೆ ಅಂಗಡಿ ಪುಡಿಯ ಬದಲು ಹಬ್ಬದ ಮಾರನೆಯ ದಿನ ಬಾಗಿಲಿಂದ ಕಿತ್ತು ಹಾಕುವ ಚೆಂಡುಹೂ ಸಾಕು. ದಳ ಬಿಡಿಸಿ ನೀರಿಗೆ ಹಾಕಿ, ಉಗುರು ಬೆಚ್ಚಗಿನ ಹಂತದಿಂದ ನಿಧಾನಕ್ಕೆ ಕಾಯಿಸಿ, ಸೋಸಿ, ಪಟಿಕದ ನೀರಲ್ಲಿ ಮೊದಲೇ ನೆನೆಸಿಟ್ಟ ರೇಷ್ಮೆ ದಾರವನ್ನು ಅದರಲ್ಲಿ ಮುಳುಗಿಸು. ಪಟಿಕ ಇಲ್ಲದಿದ್ದರೆ ಬಣ್ಣ ಕೂರುವುದಿಲ್ಲ, ಬೆವರಿಗೆ ಬಿಡುತ್ತದೆ. ಕಂದುಗೆಂಪಿಗೆ ಅಡಿಕೆ ಚೊಗರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಪ್ರಸನ್ನ ಅವರು ಕಟ್ಟಿದ ಚರಕ ಸಂಸ್ಥೆಯ ಹೆಣ್ಣುಮಕ್ಕಳು ಇದೇ ಚೊಗರಿನಿಂದ ಕೈಮಗ್ಗದ ನೂಲಿಗೆ ಬಣ್ಣ ಕಟ್ಟಿ ಹೆಸರು ಮಾಡಿದರು. ಅಡಿಕೆ ತೋಟ ನಿನ್ನ ಕಡೆಯೂ ಇದೆಯಲ್ಲ!

ಬೀಜಗಳ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಗುಲಗಂಜಿ ಬೇಡ. ಕೆಂಪು ಮೈ, ಕಪ್ಪು ಕಣ್ಣು, ನೋಡಿದರೆ ಮಣಿಗೆಂದೇ ಹುಟ್ಟಿದ ಬೀಜ, ಅಕ್ಕಸಾಲಿಗರು ಬಂಗಾರ ತೂಗಿದ ಬೀಜ, ಎಲ್ಲ ಸರಿ. ಅದರೊಳಗೆ ಅಬ್ರಿನ್ ಅನ್ನುವ ಘೋರ ವಿಷ ಇದೆ. ಇಡೀ ಬೀಜದ ಸಿಪ್ಪೆ ಗಟ್ಟಿ, ಹಾಗಾಗಿ ವಿಷ ಒಳಗೇ ಉಳಿದಿರುತ್ತದೆ. ನೀನು ತೂತು ಕೊರೆದ ಕೂಡಲೇ ಆ ಕವಚ ಒಡೆಯಿತು. ಕೊರೆಯುವಾಗಿನ ಪುಡಿ ನಿನ್ನ ಮೂಗಿಗೆ, ಆಮೇಲೆ ಸರ ಕಚ್ಚುವ ಮಗುವಿನ ಬಾಯಿಗೆ. 2011ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಈಡನ್ ಪ್ರಾಜೆಕ್ಟ್ ಅನ್ನುವ ದೊಡ್ಡ ಸಸ್ಯೋದ್ಯಾನ ತಾನು ಮಾರಿದ್ದ ಗುಲಗಂಜಿ ಕೈಸರಗಳನ್ನು ಗಿರಾಕಿಗಳಿಂದ ವಾಪಸ್ ತರಿಸಿಕೊಂಡಿತು. ಗಿಡಗಳನ್ನು ಬಲ್ಲವರ ಅಂಗಡಿಯೇ ಹಾಗೆ ಮಾಡಬೇಕಾಯಿತು.

ಅದರ ಬದಲು ಸೀತಾಫಲದ ಬೀಜ ನೋಡು. ಈ ಕಾಲದಲ್ಲಿ ನಮ್ಮ ಗುಡ್ಡಗಳಿಂದ ಬುಟ್ಟಿಬುಟ್ಟಿ ಇಳಿಯುತ್ತದೆ. ತಿಂದು ಉಗಿದ ಬೀಜ ತೊಳೆದು ನೆರಳಲ್ಲಿ ಒಣಗಿಸಿದರೆ ಎಣ್ಣೆ ಸವರಿದಂಥ ಕರಿಮೈ ಬರುತ್ತದೆ. ಇದೂ ಪೂರ್ತಿ ಸಾಧು ಅಲ್ಲ, ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಕನ್ನಡಕ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಬೀಜವನ್ನು ಒದ್ದೆ ಮಾಡಿಕೊಂಡು ಸಣ್ಣ ಕೈಡ್ರಿಲ್ಲಿನಲ್ಲಿ ಕೊರೆ. ಒದ್ದೆ ಇದ್ದರೆ ಪುಡಿ ಹಾರುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆದೇ ಒಲೆ ಮುಂದೆ ಹೋಗು. ಹುಣಸೆ ಬೀಜಕ್ಕೆ ಈ ಭಯವಿಲ್ಲ, ಆದರೆ ಅದಕ್ಕೆ ಹುಳು ಬೀಳುತ್ತದೆ. ಕೊರೆಯುವ ಮೊದಲು ಡಬ್ಬಿಯಲ್ಲಿ ಹಾಕಿ ಕೆಲವು ದಿನ ಫ್ರೀಜರಿನಲ್ಲಿಡು.

ನಮ್ಮ ರಾಯದುರ್ಗದ ವಿಷಯ ಹೇಳದಿದ್ದರೆ ಹೇಗೆ? ಇಲ್ಲಿ ಬೀದಿಬೀದಿಗೆ ಜೀನ್ಸ್ ಹೊಲಿಯುವವರಿದ್ದಾರೆ, ಕತ್ತರಿಸಿದ ಚೂರು ಮೂಟೆಗಟ್ಟಲೆ ಬೀಳುತ್ತದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಚೂಪಾಗಿ ಉದ್ದ ಪಟ್ಟಿ ಕತ್ತರಿಸಿ, ಅಗಲದ ಕಡೆಯಿಂದ ಕಡ್ಡಿಗೆ ಸುತ್ತಿ ಅಂಟು ಹಾಕಿದರೆ ನಡು ಉಬ್ಬಿದ ನೀಲಿ ಮಣಿ ಸಿದ್ಧ. ಮಳೆ ತೊಳೆದ ಕಾರ್ತಿಕದ ಆಕಾಶದ ನೀಲಿ ಬೇಕು ಅಂದರೆ ಇದನ್ನು ಕೆಂಪು ಮಣ್ಣಿನ ಮಣಿಯ ಪಕ್ಕ ಪೋಣಿಸಿ ನೋಡು. ನಡುನಡುವೆ ಸಣ್ಣ ಮಣಿ ಬೇಕಾದರೆ ಪ್ಲಾಸ್ಟಿಕ್ ಬೇಡ, ಗಾಜಿನ ಕರಿಮಣಿ ಹಾಕು. ಶ್ರೀಕಾಳಹಸ್ತಿಯ ಕಡೆ ಪಾಪಾನಾಯ್ಡುಪೇಟೆಯಲ್ಲಿ ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು, ಚೂರು ಮಾಡಿ, ಮಣಿ ಮಾಡುವ ಬಹಳ ಹಳೆಯ ವಿದ್ಯೆ ಉಳಿದುಬಂದಿತ್ತು. ಆ ಜಾತಿಯ ಮಣಿ ಸಿಕ್ಕರೆ ಬಿಡಬೇಡ.

ದಾರಕ್ಕೆ ಮೀನಿನ ಗಾಳದ ನೈಲಾನ್ ಬೇಡ, ಮಣ್ಣಿನ ಮಣಿಯ ಜೊತೆ ಅದು ಬಿರುಸಾಗಿ ನಿಲ್ಲುತ್ತದೆ. ರೇಷ್ಮೆ ಹುರಿಗೆ ಜೇನುಮೇಣ ಸವರಿಕೊಂಡು, ಪ್ರತಿ ಮಣಿಯ ನಂತರ ಒಂದು ಗಂಟು ಹಾಕು. ಕಷ್ಟವಾಗುತ್ತದೆ, ಹೊತ್ತು ಹಿಡಿಯುತ್ತದೆ, ಹಾಕು. ಗಂಟಿದ್ದರೆ ಮಣಿ ಮಣಿಗೆ ಉಜ್ಜಿ ಸವೆಯುವುದಿಲ್ಲ, ದಾರ ಹರಿದರೆ ಬಸ್ಸಿನಲ್ಲಿ ಒಂದು ಮಣಿ ಬೀಳುತ್ತದೆ, ಸರವೆಲ್ಲ ಚೆಲ್ಲುವುದಿಲ್ಲ. ಹಿಂದೆ ಜಾರುಗಂಟು ಹಾಕಿದರೆ ಕೊಂಡಿಯ ಖರ್ಚೂ ಉಳಿಯಿತು, ಅಜ್ಜಿಗೂ ಮೊಮ್ಮಗಳಿಗೂ ಒಂದೇ ಸರ ಆಯಿತು. ಕಿವಿಯ ಕೊಕ್ಕೆ ಮಾತ್ರ ಗಿಲೀಟಿನದು ತರಬೇಡ. ನಿಕ್ಕಲ್ ಇದ್ದರೆ ಕೆಲವರ ಕಿವಿ ಕೆರೆದು ಕೀವಾಗುತ್ತದೆ. ಬೆಳ್ಳಿ ದುಬಾರಿಯಾದರೆ ಸರ್ಜಿಕಲ್ ಸ್ಟೀಲ್ ತರಿಸು.

ಇನ್ನು ಬೆಲೆ. ನಮ್ಮ ಹೆಣ್ಣುಮಕ್ಕಳು ಇಲ್ಲೇ ಸೋಲುವುದು. ಸಾಮಾನಿಗೆ ನಲವತ್ತು ಆಯಿತು, ಎಂಬತ್ತಕ್ಕೆ ಕೊಟ್ಟೆ, ದುಪ್ಪಟ್ಟು ಬಂತು ಅಂತ ಖುಷಿಪಡುತ್ತಾರೆ. ಕೂತ ನಾಲ್ಕು ತಾಸಿಗೆ ಕೂಲಿ ಎಲ್ಲಿ? ಉದ್ಯೋಗ ಖಾತ್ರಿಗೆ, ನಾವು ಉಪಾಧಿ ಅಂತೀವಲ್ಲ ಆ ಕೆಲಸಕ್ಕೆ, ಆಂಧ್ರದಲ್ಲಿ 2024-25ರಲ್ಲಿ ದಿನಗೂಲಿ 300 ರೂಪಾಯಿ ಇತ್ತು. ಎಂಟು ತಾಸಿಗೆ ಅಷ್ಟಾದರೆ ನಾಲ್ಕು ತಾಸಿಗೆ 150. ಸಾಮಾನಿನ ನಲವತ್ತು ಸೇರಿಸಿದರೆ 190. ಮಣ್ಣು ಹೊರುವ ಕೆಲಸಕ್ಕಿಂತ ನಿನ್ನ ಕೈಕೆಲಸ ಕಡಿಮೆಯೇನಲ್ಲ, ಅದಕ್ಕಿಂತ ಕೆಳಗೆ ಇಳಿಯಬೇಡ. ಚೌಕಾಸಿ ಮಾಡುವವರು ಮಾಡಲಿ, ನಗುತ್ತಾ ಪೆಟ್ಟಿಗೆ ಮುಚ್ಚು.

ಸಾಲ ಸೌಲಭ್ಯಕ್ಕೆ ಮೊದಲು ನಿಮ್ಮ ಡ್ವಾಕ್ರಾ ಮಹಿಳಾ ಸಂಘದಲ್ಲಿ ಕೇಳು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಮಣಿ ಮಾಡುವವರು ಅಂತ ಬೇರೆಯಾಗಿ ಇಲ್ಲ, ಆದರೆ ಕುಂಬಾರರು, ಅಕ್ಕಸಾಲಿಗರು, ಹೂಮಾಲೆ ಕಟ್ಟುವವರು, ಬೊಂಬೆ ಮಾಡುವವರು ಇದ್ದಾರೆ. ಅಲ್ಲಿ ಮೊದಲ ಕಂತಿನ ಸಾಲ ಒಂದು ಲಕ್ಷದವರೆಗೆ, ಬಡ್ಡಿ ಶೇಕಡಾ 5, ಉಪಕರಣಕ್ಕೆ 15,000 ರೂಪಾಯಿವರೆಗೆ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ನಿನಗೆ ಮಣಿ ಸುಟ್ಟುಕೊಡುವ ಕುಂಬಾರರಿಗೆ ಇದು ಗೊತ್ತಿಲ್ಲದಿದ್ದರೆ ನೀನೇ ಹೇಳು.

ಇನ್ನೊಂದು ಎಚ್ಚರ. ಲಂಬಾಣಿ ತಾಂಡಾದ ಹೆಣ್ಣುಮಕ್ಕಳ ಕವಡೆ, ಕನ್ನಡಿ, ನಾಣ್ಯದ ಕುಸುರಿ ಚೆಂದ ಇದೆ ಅಂತ ನೀನು ಅದನ್ನು ನಕಲು ಹೊಡೆಯಬೇಡ. ಅದು ಅವರದು, ಅದಕ್ಕೆ ಅವರೇ ಒಡೆಯರು. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು ಜಿಐ ಮಾನ್ಯತೆ ಪಡೆದು, 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1,755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಬರೆದರು. ತಮ್ಮದನ್ನೇ ತಾವು ಮಾಡಿ ಅಲ್ಲಿಗೆ ಮುಟ್ಟಿದರು ಅನ್ನುವುದನ್ನು ಮರೆಯಬೇಡ. ಕವಡೆ ಬೇಕೆಂದರೆ ಅವರಿಂದಲೇ ಮಾಡಿಸಿ, ಅವರ ಹೆಸರಲ್ಲೇ ಮಾರು.

ಸರಕ್ಕೆ ಕಟ್ಟುವ ಚೀಟಿ ಎರಡು ಲಿಪಿಯಲ್ಲಿರಲಿ. 1953ರ ಅಕ್ಟೋಬರ್ 1ರಂದು ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಕಳಚಿ ಆಂಧ್ರಕ್ಕೆ ಸೇರಿತು, 2022ರಲ್ಲಿ ಮಡಕಶಿರ ಅನಂತಪುರದಿಂದ ಕಳಚಿ ಶ್ರೀಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿ ಎಷ್ಟು ಸಲ ಸರಿದರೂ ಸಂತೆಗೆ ಬರುವ ಜನ ಅವರೇ. ಕನ್ನಡದಲ್ಲೂ ತೆಲುಗಿನಲ್ಲೂ ಬರೆ: ಯಾವ ಕೆರೆಯ ಮಣ್ಣು, ಯಾವ ಹೂವಿನ ಬಣ್ಣ, ನೀರು ತಾಗಬಹುದೋ ಇಲ್ಲವೋ.

ಮೊದಲ ಸರ ಮಾತ್ರ ಮಾರಬೇಡ. ಅದನ್ನು ನೀನೇ ಕೊರಳಿಗೆ ಹಾಕಿಕೊಂಡು ಒಂದು ತಿಂಗಳು ಹೊಲಕ್ಕೆ, ಸಂತೆಗೆ, ಮದುವೆಗೆ ಓಡಾಡು. ಬೆವರಿಗೆ ಬಣ್ಣ ಬಿಡುತ್ತದೋ, ದಾರ ಎಲ್ಲಿ ಸವೆಯುತ್ತದೋ, ಯಾವ ಮಣಿ ಸೀಳುತ್ತದೋ ನಿನಗೇ ಗೊತ್ತಾಗುತ್ತದೆ. ಅದನ್ನು ಸರಿಮಾಡಿಕೊಂಡ ಮೇಲೆ ಎರಡನೆಯ ಸರಕ್ಕೆ ಬೆಲೆ ಬರೆ.